ಕುತ್ತಿಗೆ ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆ
(ಗಿರಿನಗರದ ಸಭೆಯಲ್ಲಿ ಮಾಡಿದ ಭಾಷಣ)



ಕುತ್ತಿಗೆಗೆ ಆಪರೇಷನ್ ಎಂದೊಡನೆ ‘ಕೈಕಾಲು ಬಿದ್ದುಹೋದರೆ?’ ಎಂದು ಮನೆಮಂದಿ ಹೆದರುತ್ತಾರೆ. ಕುತ್ತಿಗೆ ನೋವೆಲ್ಲಕ್ಕೂ ಆಪರೇಷನ್ ಬೇಕಿಲ್ಲ, ನಿಜ. ಆದರೆ ಡಿಸ್ಕ್ ಹಿಂದಕ್ಕೆ ಸರಿದು ನರಹುರಿಯನ್ನು ಒತ್ತುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂಗಾಡಿದರೆ, ಕಾಯುತ್ತ ಕೂತಷ್ಟೂ ನಷ್ಟ.

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಮುಂಭಾಗದಿಂದಲೇ ಅವನ್ನು ತಲುಪುವ ದಾರಿಯನ್ನು 1950ರ ದಶಕದಲ್ಲಿ ಅಮೆರಿಕದ ಸ್ಮಿತ್, ರಾಬಿನ್‌ಸನ್, ಕ್ಲೋವರ್ಡ್ ತೋರಿಸಿದರು. ಶ್ವಾಸನಾಳ, ಅನ್ನನಾಳಗಳನ್ನು ಬದಿಗೆ ಸರಿಸಿ ಡಿಸ್ಕ್ ತೆಗೆಯುತ್ತಾರೆ. ಆ ಜಾಗದಲ್ಲಿ ಸೊಂಟದ ಮೂಳೆಯ ತುಣುಕನ್ನೋ ಕೇಜನ್ನೋ ಇಟ್ಟು, ಸಾಮಾನ್ಯವಾಗಿ ಟೈಟಾನಿಯಂ ಪ್ಲೇಟಿನಿಂದ ಬಿಗಿಯುತ್ತಾರೆ. ಮೂಳೆ ಬೆಸೆದುಕೊಳ್ಳಲು ತಿಂಗಳುಗಳೇ ಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಅದು ಬೆಸೆಯದೆಯೂ ಉಳಿಯಬಹುದು.

ತಲೆಬುರುಡೆಯ ಕೆಳಗಿನ ಮೊದಲ 2 ಮೂಳೆಗಳು ಸಡಿಲಗೊಂಡರೆ ಹಿಂದಿನಿಂದ ಸ್ಕ್ರೂ ಹಾಕಬೇಕಾಗುತ್ತದೆ. ಇದಕ್ಕೆ ಮುಂಬಯಿಯ ಡಾ. ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದ ವಿಧಾನ ಹೊರದೇಶಗಳಲ್ಲೂ ಬಳಕೆಯಲ್ಲಿದೆ. ವೈದ್ಯರಾಗಬೇಕೆನ್ನುವ ಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಿ.

ನಮಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಆದರೆ ರಸ್ತೆಯಲ್ಲೇ ನಾವು ಕೆಡಿಸಿಬಿಡುತ್ತೇವೆ: ಬೈಕಿನಿಂದ ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ತುರುಕುತ್ತೇವೆ. ಹಾಗೆ ಮಾಡಬೇಡಿ. ತಲೆ, ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ.