ಮಾಳಿಗೆಯ ಮೇಲಿನ ಆಕಾಶ



ಆಕಾಶವಾಣಿಯಲ್ಲಿ ಆಕಾಶದ ವಿಷಯವನ್ನೇ ಮಾತನಾಡುವ ಅವಕಾಶ ಇಂದು ನಮ್ಮ ಪಾಲಿಗೆ ಬಂದಿದೆ. ನಾವು ಖಗೋಳಶಾಸ್ತ್ರದಲ್ಲಿ ಪಂಡಿತರಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಕೆಲವು ವರ್ಷಗಳಿಂದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಯಲುಗಳಲ್ಲಿಯೂ ಬಂಧುಗಳ ಮನೆಯ ಮಾಳಿಗೆಯ ಮೇಲೆಯೂ ಕುಳಿತು, ನಕ್ಷತ್ರಗಳನ್ನು ಗುರುತಿಸುವುದನ್ನೂ ಅವುಗಳ ಛಾಯಾಚಿತ್ರ ತೆಗೆಯುವುದನ್ನೂ ತಪ್ಪುತ್ತ ತಪ್ಪುತ್ತ ಕಲಿತವರು ನಾವು. ಹೊಸದಾಗಿ ಕಲಿಯಬೇಕೆನ್ನುವವರಿಗೆ ನಮ್ಮ ತಪ್ಪುಗಳಾದರೂ ಉಪಯೋಗಕ್ಕೆ ಬಂದಾವೆಂಬ ಆಸೆಯಿಂದ ಈ ಮಾತುಗಳನ್ನು ಹೇಳುತ್ತಿದ್ದೇವೆ.

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಹೆಸರನ್ನೆತ್ತಿದರೆ ಪಟ್ಟಣದವರಿಗೆ ತೊಗರಿ, ಜೋಳ, ಸುಡು ಬಿಸಿಲು ಇವೇ ನೆನಪಾಗುವುದು ಸಹಜ. ಹಿಂದುಳಿದ ಸೀಮೆಯೆಂದು ಮರುಕಪಡುವವರೂ ಉಂಟು. ಆದರೆ ನಕ್ಷತ್ರ ನೋಡುವವನ ದೃಷ್ಟಿಯಲ್ಲಿ ಇದು ಬಡ ಸೀಮೆಯಲ್ಲ. ಎರೆಭೂಮಿಯ ಬಯಲಾದುದರಿಂದ ದಿಗಂತವನ್ನು ಮರೆಮಾಡುವ ಬೆಟ್ಟಗಳು ಕಡಿಮೆ. ಮಳೆ ಹಿಂದೆಗೆದ ಮೇಲೆ ಕಾರ್ತಿಕದಿಂದ ಚೈತ್ರದವರೆಗೆ ಆಕಾಶ ಬಹುಮಟ್ಟಿಗೆ ನಿರ್ಮಲವಾಗಿರುವುದು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17 ಅಂಶಗಳಲ್ಲಿರುವ ಕಾರಣ ಉತ್ತರದ ಧ್ರುವನೂ ಕಾಣುತ್ತಾನೆ, ದಕ್ಷಿಣದ ಅಗಸ್ತ್ಯನೂ ಕಾಣುತ್ತಾನೆ. ಲಂಡನ್ನಿನಲ್ಲಿರುವವನಿಗೆ ಅಗಸ್ತ್ಯನ ದರ್ಶನ ಎಂದಿಗೂ ಇಲ್ಲ. ಸಿಡ್ನಿಯಲ್ಲಿರುವವನಿಗೆ ಧ್ರುವನ ದರ್ಶನ ಎಂದಿಗೂ ಇಲ್ಲ. ಆಳಂದದ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದವನಿಗೆ ಎರಡೂ ಲಭ್ಯ.

ಮೊದಲು ಬೇಕಾದುದು ದುರ್ಬೀನಲ್ಲ, ಕತ್ತಲೆ ಮತ್ತು ತಾಳ್ಮೆ. ದೀಪದ ಬೆಳಕಿನಿಂದ ಹೊರಗೆ ಬಂದ ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ನಡುವೆ ಒಂದು ಕ್ಷಣ ಮೊಬೈಲಿನ ಪರದೆಯನ್ನು ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಆದುದರಿಂದ ಬ್ಯಾಟರಿಯ ಬಾಯಿಗೆ ಕೆಂಪು ಕಾಗದವನ್ನು ಕಟ್ಟಿಕೊಳ್ಳತಕ್ಕದ್ದು. ಕೆಂಪು ಬೆಳಕು ಕಣ್ಣಿನ ಈ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಅಳತೆಗೆ ನಮ್ಮ ಕೈಯೇ ಸಾಕು. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಅಂಶ. ಉತ್ತರ ದಿಗಂತದಿಂದ ಎರಡು ಮುಷ್ಟಿಗಿಂತ ಸ್ವಲ್ಪ ಕೆಳಗೆ ಧ್ರುವನಿದ್ದಾನೆ. ಫೆಬ್ರವರಿ ಮೊದಲಲ್ಲಿ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ದಕ್ಷಿಣ ದಿಗಂತದಿಂದ ಎರಡು ಮುಷ್ಟಿ ಮೇಲೆ ಅಗಸ್ತ್ಯನಿದ್ದಾನೆ. ಈ ಎರಡು ಗುರುತಾದರೆ ದಿಕ್ಕು ತಿಳಿಯಿತು. ದಿಕ್ಕು ತಿಳಿದರೆ ಉಳಿದುದೆಲ್ಲ ಒಂದೊಂದಾಗಿ ತಾನೇ ಬರುತ್ತದೆ.

ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ಜನವರಿ ತಿಂಗಳು, ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಗೆ ಹತ್ತಿರದ ಹೊಲ. ನಾವು ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ ಕುಳಿತಿದ್ದೆವು. ಜೋಳ ಕಾಯಲು ಬಂದಿದ್ದ ವೃದ್ಧರೊಬ್ಬರು ಹತ್ತಿರ ಬಂದು, “ತಮ್ಮಾ, ಈ ಕತ್ತಲದಾಗ ಏನು ಫೋಟೋ ಹೊಡೀತಿ?” ಎಂದು ಕೇಳಿದರು. “ಚಿಕ್ಕಿದು, ಮುತ್ಯಾ” ಎಂದೆವು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನನಗ ಮಿರಗ ತೋರಸು” ಎಂದರು. ಮೃಗಶಿರವನ್ನು ಆ ಕಡೆಯವರು ಮಿರಗವೆನ್ನುತ್ತಾರೆ. ಜೂನ್ ಮೊದಲಲ್ಲಿ ಆ ಮಳೆಯ ದಾರಿಯನ್ನು ನೋಡಿಯೇ ರೈತನು ಬಿತ್ತನೆಗೆ ಸಿದ್ಧನಾಗುವುದು. ನಾವು ಪೂರ್ವದ ಕಡೆಗೆ ಕೈಮಾಡಿ, ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನೂ, ಕೆಂಪಗಿರುವ ಆರ್ದ್ರೆಯನ್ನೂ, ಅವುಗಳ ಬಳಿಯಲ್ಲೇ ಒತ್ತಾಗಿರುವ ಮೃಗಶಿರದ ಮಸುಕಾದ ಚಿಕ್ಕೆಗಳನ್ನೂ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. ಆಮೇಲೆ, “ಇದು ಮಿರಗ ಅಂದ್ರ, ಮಿರಗದ ಮಳ್ಯಾಗ ಯಾಕ ಕಾಣಂಗಿಲ್ಲ?” ಎಂದು ಕೇಳಿಬಿಟ್ಟರು.

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಮೋಡವಿರುವುದರಿಂದ ಎಂದು ಏನೋ ಹೇಳಿ ಜಾರಿಕೊಂಡೆವು. ಮನೆಗೆ ಬಂದು ಪುಸ್ತಕ ತೆರೆದಾಗ ತಿಳಿಯಿತು: ಮಳೆಯ ನಕ್ಷತ್ರವೆಂದರೆ ಆ ದಿನಗಳಲ್ಲಿ ಸೂರ್ಯನಿರುವ ನಕ್ಷತ್ರ. ಜೂನ್ ಎರಡನೆಯ ವಾರದಲ್ಲಿ ಸೂರ್ಯನು ಮೃಗಶಿರದ ದಿಕ್ಕಿನಲ್ಲಿರುತ್ತಾನೆ. ಆಗ ಆ ನಕ್ಷತ್ರಗಳು ಸೂರ್ಯನೊಡನೆಯೇ ಮೂಡಿ, ಹಗಲೆಲ್ಲ ಅವನ ಬೆಳಕಿನಲ್ಲಿ ಅಡಗಿದ್ದು, ಅವನೊಡನೆಯೇ ಮುಳುಗುತ್ತವೆ. ಪ್ರತಿಯೊಂದು ನಕ್ಷತ್ರವೂ ದಿನಕ್ಕೆ ಸುಮಾರು ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಮುಂಚಿತವಾಗಿ ಮೂಡುತ್ತದೆ. ಆರು ತಿಂಗಳು ಕಳೆದ ಮೇಲೆ, ಡಿಸೆಂಬರಿನಲ್ಲಿ, ಅದೇ ಮೃಗಶಿರ ಸಂಜೆಗೆ ಮೂಡಿ ಇರುಳೆಲ್ಲ ಕಾಣುತ್ತದೆ. ಒಂದು ಆಯುಷ್ಯವೆಲ್ಲ ಮಿರಗವನ್ನು ನಂಬಿ ಬಿತ್ತಿದ ಮನುಷ್ಯನು ಕೇಳಿದ ಆ ಒಂದು ಪ್ರಶ್ನೆಯಲ್ಲಿ ಭೂಮಿಯು ಸೂರ್ಯನನ್ನು ಸುತ್ತುವ ಪಾಠವೆಲ್ಲವೂ ಅಡಗಿದ್ದಿತು. ಮುಂದಿನ ವಾರವೇ ಹೋಗಿ ಅವರಿಗೆ ಉತ್ತರವನ್ನು ಒಪ್ಪಿಸಿದೆವು.

ಇನ್ನು ಛಾಯಾಚಿತ್ರದ ಮಾತು. ಭೂಮಿಯು ತಿರುಗುವುದರಿಂದ ಆಕಾಶವು ಗಂಟೆಗೆ ಹದಿನೈದು ಅಂಶಗಳಷ್ಟು ಸರಿಯುವಂತೆ ತೋರುತ್ತದೆ. ಸ್ಥಿರವಾಗಿ ನಿಂತ ಕ್ಯಾಮರಾದ ಬಾಗಿಲನ್ನು ಬಹಳ ಹೊತ್ತು ತೆರೆದಿಟ್ಟರೆ ಚುಕ್ಕೆಯು ಗೆರೆಯಾಗುತ್ತದೆ. ನಮ್ಮ ಮೊದಲ ರಾತ್ರಿಯ ಚಿತ್ರಗಳೆಲ್ಲ ಗೆರೆಗಳೇ. ಇದಕ್ಕೆ ಒಂದು ಸುಲಭ ಸೂತ್ರವುಂಟು: 500ನ್ನು ಮಸೂರದ ನಾಭಿದೂರದ ಮಿಲಿಮೀಟರುಗಳಿಂದ ಭಾಗಿಸಿದರೆ ಎಷ್ಟು ಸೆಕೆಂಡು ತೆರೆದಿಡಬಹುದೆಂಬ ಸ್ಥೂಲವಾದ ಲೆಕ್ಕ ದೊರೆಯುತ್ತದೆ. 24 ಮಿಲಿಮೀಟರಿನ ಮಸೂರಕ್ಕೆ ಸುಮಾರು 20 ಸೆಕೆಂಡು. 50 ಮಿಲಿಮೀಟರಿನದಕ್ಕೆ 10 ಸೆಕೆಂಡು. ಕ್ಯಾಮರಾದ ಒಳಗಿನ ಗ್ರಾಹಕಫಲಕ ಚಿಕ್ಕದಾಗಿದ್ದರೆ ಇನ್ನೂ ಕಡಿಮೆ ಮಾಡಬೇಕು. ಗೆರೆಗಳೇ ಬೇಕೆಂದರೆ ಅದೂ ಸೊಗಸೇ. ಧ್ರುವನ ಕಡೆಗೆ ಮುಖಮಾಡಿ ಒಂದು ಗಂಟೆ ಚಿತ್ರಗಳನ್ನು ತೆಗೆದು ಕೂಡಿಸಿದರೆ, ಎಲ್ಲ ನಕ್ಷತ್ರಗಳೂ ಧ್ರುವನ ಸುತ್ತ ಕಮಾನುಗಳನ್ನು ಬರೆದಿರುವುದು ಕಾಣುತ್ತದೆ.

ಎರಡನೆಯ ತಪ್ಪು ನಾಭಿ ಹೊಂದಿಸುವುದರಲ್ಲಿ. ಮಸೂರದ ಮೇಲೆ ಅನಂತದೂರದ ಗುರುತಿರುವುದನ್ನು ನಂಬಿ ನಾವು ಒಂದು ಇರುಳನ್ನೇ ಕಳೆದುಕೊಂಡೆವು. ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಕ್ಯಾಮರಾದ ಪರದೆಯ ಮೇಲೆ ದೊಡ್ಡದು ಮಾಡಿ, ಅದು ಸೂಜಿಮೊನೆಯಷ್ಟು ಚಿಕ್ಕದಾಗುವವರೆಗೆ ಕೈಯಿಂದಲೇ ಹೊಂದಿಸತಕ್ಕದ್ದು. ಮೂರನೆಯ ತಪ್ಪು ಚಂದ್ರನ ವಿಷಯದಲ್ಲಿ. ರಾತ್ರಿಯಲ್ಲವೆ ಎಂದು ಎರಡು ಸೆಕೆಂಡು ತೆರೆದಿಟ್ಟೆವು. ಚಂದ್ರನ ಬದಲು ಒಂದು ಬಿಳಿಯ ರೊಟ್ಟಿ ಬಂದಿತು. ನಮಗೆ ರಾತ್ರಿಯಾದರೂ ಚಂದ್ರನ ಮೇಲೆ ಅದು ಹಗಲು. ಬಿಸಿಲಿನಲ್ಲಿ ಬಿದ್ದಿರುವ ಕಲ್ಲನ್ನು ನಾವು ಚಿತ್ರಿಸುತ್ತಿದ್ದೇವೆಂಬುದನ್ನು ಮರೆತಿದ್ದೆವು. ಹುಣ್ಣಿಮೆಯ ಚಂದ್ರನಿಗೆ ಮಸೂರದ ಕಂಡಿಯನ್ನು 11ರ ಅಂಕಕ್ಕೆ ಕಿರಿದಾಗಿಸಿ, ಸೂಕ್ಷ್ಮತೆಯನ್ನು 100ಕ್ಕೆ ಇಟ್ಟು, ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲು ತೆರೆದರೆ ಸಾಕು. ನಾಲ್ಕನೆಯದು ಇಬ್ಬನಿ. ಡಿಸೆಂಬರಿನ ನಸುಕಿನಲ್ಲಿ ನದಿಯ ಹತ್ತಿರ ಮಸೂರ ಮಂಜಾಗುವುದು ನಮಗೆ ತಿಳಿಯಲೇ ಇಲ್ಲ. ರಟ್ಟನ್ನು ಸುರುಳಿ ಸುತ್ತಿ ಮಸೂರದ ಮುಂದೆ ಕೊಳವೆಯಂತೆ ಕಟ್ಟಿದರೆ ಬಹುಮಟ್ಟಿಗೆ ತಡೆಯಬಹುದು.

ಇಷ್ಟಾದ ಮೇಲೆ ಒಂದೇ ನೋಟದ ಹದಿನಾರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ, ಚಿತ್ರದಲ್ಲಿ ತೋರುವ ಕಾಳುಕಾಳಾದ ದೋಷ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಣ್ಣಿಗೆ ಆರೇಳು ಚುಕ್ಕೆಗಳಾಗಿ ಕಾಣುವ ಕೃತ್ತಿಕೆಯಲ್ಲಿ ಹತ್ತಾರು ನಕ್ಷತ್ರಗಳು ಮೂಡುತ್ತವೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 440 ವರ್ಷಗಳಾದವು. ಏಪ್ರಿಲ್ ಮಧ್ಯದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ದಕ್ಷಿಣಕ್ಕೆ ನೋಡಿದರೆ, ಆಕಾಶಗಂಗೆಯ ಅತ್ಯಂತ ದಟ್ಟವಾದ ಭಾಗ ನಾಲ್ಕು ಮುಷ್ಟಿಗಿಂತಲೂ ಎತ್ತರದಲ್ಲಿ ನಿಂತಿರುತ್ತದೆ. ಸೆಕೆಗಾಗಿ ಮಾಳಿಗೆಯ ಮೇಲೆ ಮಲಗುವ ಜನರಿಗೆ ಇದಕ್ಕಾಗಿ ಬೇರೆ ಪ್ರಯಾಣ ಬೇಕಿಲ್ಲ, ಕಣ್ಣು ತೆರೆದರೆ ಸಾಕು.

ನಕ್ಷತ್ರಗಳನ್ನು ಚಿತ್ರಿಸುವುದು ಈ ನಾಡಿಗೆ ಹೊಸದೆಂದು ಯಾರೂ ಭಾವಿಸಬಾರದು. 1948ರವರೆಗೆ ಈ ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದಿನ ನವಾಬ್ ಜಾಫರ್ ಜಂಗರು ಸ್ವಂತ ಆಸಕ್ತಿಯಿಂದ 1901ರಲ್ಲಿ ಸ್ಥಾಪಿಸಿದ ವೀಕ್ಷಣಾಲಯವು 1908ರಲ್ಲಿ ಸರ್ಕಾರದ ವಶಕ್ಕೆ ಬಂದು ನಿಜಾಮಿಯಾ ವೀಕ್ಷಣಾಲಯವೆಂದು ಪ್ರಸಿದ್ಧವಾಯಿತು. 1887ರಲ್ಲಿ ಪ್ಯಾರಿಸಿನಲ್ಲಿ ಅನೇಕ ದೇಶಗಳ ವಿದ್ವಾಂಸರು ಸೇರಿ, ಆಕಾಶವನ್ನೆಲ್ಲ ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಛಾಯಾಚಿತ್ರ ತೆಗೆದು ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸಬೇಕೆಂದು ನಿಶ್ಚಯಿಸಿದ್ದರು. ಅದರಲ್ಲಿ ಹೈದರಾಬಾದಿಗೆ ಮೊದಲು ದಕ್ಷಿಣದ 17ರಿಂದ 23ನೆಯ ಅಂಶದವರೆಗಿನ ಪಟ್ಟಿಯೂ, ಬಳಿಕ ಉತ್ತರದ 36ರಿಂದ 39ರವರೆಗಿನದೂ ಬಂದವು. ಎಂಟು ಅಂಗುಲದ ಮಸೂರದಿಂದ ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆದು, ಏಳು ಲಕ್ಷಕ್ಕೂ ಮೀರಿದ ನಕ್ಷತ್ರಗಳ ಸ್ಥಾನಗಳನ್ನು ಕೈಯಿಂದ ಅಳೆದು, ಹನ್ನೆರಡು ಸಂಪುಟಗಳಲ್ಲಿ ಅವರು ಪ್ರಕಟಿಸಿದರು. ಆ ವೀಕ್ಷಣಾಲಯದ ಉದ್ಯೋಗಿಯೊಬ್ಬರ ಮಗನಾಗಿ ಅಲ್ಲಿ ಬೆಳೆದ ವೇಣು ಬಾಪು 1949ರಲ್ಲಿ ಅಮೆರಿಕೆಯ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಒಂದು ಛಾಯಾಫಲಕದ ಮೇಲೆಯೇ ಹೊಸ ಧೂಮಕೇತುವನ್ನು ಕಂಡುಹಿಡಿದರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. ಹೈದರಾಬಾದಿನ ನೆತ್ತಿಯ ಮೇಲೆ ಹಾಯ್ದ ನಕ್ಷತ್ರಗಳೇ ಆಳಂದದ ನೆತ್ತಿಯ ಮೇಲೆಯೂ ಹಾಯುವುದು.

ಇದೆಲ್ಲ ಒಂದು ವಿನೋದವಷ್ಟೆ, ಇದರಿಂದ ಊರಿಗೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಗ್ರಹಣಗಳ ಕಥೆಯನ್ನು ಹೇಳುತ್ತೇವೆ. 1868ರ ಆಗಸ್ಟ್ 18ರಂದು ಚಂದ್ರನ ನೆರಳು ಜಮಖಂಡಿ, ವಿಜಾಪುರಗಳ ಮೇಲೆ ಹಾಯ್ದು ಗುಂಟೂರಿನ ಕಡೆಗೆ ಹೋಯಿತು. ಜಮಖಂಡಿಗೆ ಜಾನ್ ಹರ್ಷೆಲ್ ಎಂಬ ಅಧಿಕಾರಿ, ಗುಂಟೂರಿಗೆ ಫ್ರಾನ್ಸಿನ ಜಾನ್ಸೆನ್ ಮೊದಲಾದವರು ಉಪಕರಣಗಳೊಡನೆ ಬಂದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಅಂದು ಕಂಡ ಒಂದು ಹಳದಿ ಗೆರೆಯ ಜಾಡು ಹಿಡಿದೇ ಹೀಲಿಯಂ ಎಂಬ ಮೂಲವಸ್ತುವಿನ ಅರಿವು ಮೂಡಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

ಎರಡನೆಯದು 2019ರ ಡಿಸೆಂಬರ್ 26ರ ಗ್ರಹಣ. ಕಾಸರಗೋಡು, ಮಂಗಳೂರುಗಳಲ್ಲಿ ಸೂರ್ಯನು ಬಳೆಯಂತೆ ಕಂಡನು. ಕಲಬುರಗಿಯಲ್ಲಿ ಗ್ರಹಣ ಭಾಗಶಃ. ಅಂದು ಕಲಬುರಗಿಗೆ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಕೆಲವು ಮಕ್ಕಳನ್ನು, ಗುಣವಾಗುವುದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ ಸುದ್ದಿಯನ್ನು ದೇಶವೆಲ್ಲ ಓದಿತು. ಆ ತಾಯಿತಂದೆಯರನ್ನು ಹಳಿಯಲು ನಮಗೆ ಬಾಯಿ ಬಾರದು. ಬೇರೆ ದಾರಿ ಕಾಣದವರು ಸಿಕ್ಕ ದಾರಿಯನ್ನು ಹಿಡಿದರು. ಆದರೆ ಆ ಸೀಮೆಯ ಆಕಾಶವನ್ನು ಬಲ್ಲವರೆಂದು ಹೇಳಿಕೊಳ್ಳುವ ನಾವು ಅದಕ್ಕೆ ಮೊದಲು ಎಷ್ಟು ಊರುಗಳಿಗೆ ಹೋಗಿ, ಎಷ್ಟು ಅಂಗಳಗಳಲ್ಲಿ ಕುಳಿತು, ಇದು ನೆರಳು, ನೆರಳಿಗೆ ವಿಷವೂ ಇಲ್ಲ, ಔಷಧವೂ ಇಲ್ಲ ಎಂದು ತೋರಿಸಿದ್ದೆವು? ಒಂದಕ್ಕೂ ಹೋಗಿರಲಿಲ್ಲ. ಆ ದಿನ ನಾವು ಮಾಳಿಗೆಯ ಮೇಲೆ ನಮ್ಮ ಚಿತ್ರಗಳನ್ನು ತೆಗೆದುಕೊಳ್ಳುತ್ತಿದ್ದೆವು.

ಅಂದಿನಿಂದ ನಮ್ಮ ಅಭ್ಯಾಸ ಬದಲಾಯಿತು. ಕ್ಯಾಮರಾದ ಜೊತೆಗೆ ಒಂದು ಜರಡಿಯನ್ನೂ ಒಯ್ಯುತ್ತೇವೆ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಎಕ್ಸರೇ ಹಾಳೆಯ ಮೂಲಕವಾಗಲಿ, ದುರ್ಬೀನಿನಿಂದಾಗಲಿ ನೋಡಬಾರದು, ದೃಷ್ಟಿಯೇ ಹೋದೀತು. ಜರಡಿಯನ್ನು ಬಿಸಿಲಿಗೆ ಹಿಡಿದರೆ ನೆಲದ ಮೇಲೆ ಅದರ ಒಂದೊಂದು ತೂತಿನ ಕೆಳಗೂ ಕಚ್ಚಿದ ಸೂರ್ಯನ ಒಂದೊಂದು ಬಿಂಬ ಬೀಳುತ್ತದೆ. ಅದನ್ನು ಕಂಡ ಮಗುವಿಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. 2027ರ ಆಗಸ್ಟ್ 2ರ ಸಂಜೆಯ ಹೊತ್ತಿಗೆ ಮತ್ತೊಂದು ಭಾಗಶಃ ಗ್ರಹಣ ಇಲ್ಲಿದೆ. ಮಳೆಗಾಲವಾದುದರಿಂದ ಮೋಡ ಅಡ್ಡಬರಬಹುದು. ಆದರೂ ಜರಡಿ ಸಿದ್ಧವಾಗಿರಲಿ.

ಶ್ರೋತೃಗಳೇ, ಕಡೆಯದಾಗಿ ಒಂದು ವಿಜ್ಞಾಪನೆ. ಊರೂರಿಗೆ ವಿದ್ಯುದ್ದೀಪ ಬಂದಿರುವುದು ಸಂತೋಷವೇ. ಆದರೆ ಮೇಲ್ಮುಖವಾಗಿ ಉರಿಯುವ ದೀಪ ದಾರಿಯನ್ನೂ ಬೆಳಗುವುದಿಲ್ಲ, ಆಕಾಶವನ್ನೂ ಉಳಿಸುವುದಿಲ್ಲ. ದೀಪಕ್ಕೆ ಮೇಲೊಂದು ಮುಚ್ಚಿಗೆ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದರೆ ಎರಡೂ ಉಳಿಯುತ್ತವೆ. ಪಟ್ಟಣದಲ್ಲಿರುವ ತಾವು ಹಬ್ಬಕ್ಕೆ ಊರಿಗೆ ಹೋದಾಗ, ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಮನೆಯ ಮಕ್ಕಳನ್ನೂ ಹಿರಿಯರನ್ನೂ ಮಾಳಿಗೆಗೆ ಕರೆದೊಯ್ದು ಮಿರಗವನ್ನು ತೋರಿಸಿರಿ. ಅವರು ಕೇಳುವ ಪ್ರಶ್ನೆಗೆ ತಮಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಮರುವಾರ ಉತ್ತರದೊಡನೆ ಹಿಂದಿರುಗಿರಿ. ನಾವು ಹಾಗೆಯೇ ಕಲಿತೆವು; ಇನ್ನೂ ಹಾಗೆಯೇ ಕಲಿಯುತ್ತಿದ್ದೇವೆ.