ಮರ ಕೊಯ್ಯುವ ಸರಪಣಿ ಗರಗಸವನ್ನು ಮನೆಯಲ್ಲಿಯೇ ದುರಸ್ತು ಮಾಡಿಕೊಳ್ಳಲು ಬೇಕಾದ ಉಪಕರಣಗಳು

ಹಿಡುವಳಿದಾರರ ಮತ್ತು ಗ್ರಾಮಮುಖ್ಯರ ಸಭೆಗಾಗಿ ಬರೆದ ಉಪನ್ಯಾಸ

ಮಲೆನಾಡಿನಲ್ಲಿ ಆಷಾಢದ ಗಾಳಿ ಬೀಸತೊಡಗಿತೆಂದರೆ ರಸ್ತೆಗೆ ಅಡ್ಡಲಾಗಿ ಮರ ಉರುಳುವುದೂ, ಅಡಕೆ ತೋಟದ ಮೇಲೆ ಕೊಂಬೆ ಮುರಿದು ಬೀಳುವುದೂ ಪ್ರತಿವರ್ಷದ ಸಂಗತಿಗಳಾಗಿವೆ. ರೋಗಿಯನ್ನು ಕರೆದೊಯ್ಯಬೇಕಾದ ವಾಹನವು ಬಿದ್ದ ಮರದ ಆಚೆ ನಿಂತಿರುವಾಗ, ಊರಿನ ಯಜಮಾನರ ಕೊಟ್ಟಿಗೆಯಲ್ಲಿರುವ ಸರಪಣಿ ಗರಗಸವು ಎಷ್ಟು ಹಗ್ಗ ಎಳೆದರೂ ಚಾಲೂ ಆಗದಿದ್ದರೆ ಉಂಟಾಗುವ ಕಷ್ಟವನ್ನು ವಿವರಿಸಬೇಕಾದ್ದಿಲ್ಲ. ಚೈನ್‌ಸಾ ಎಂದು ಎಲ್ಲರೂ ಕರೆಯುವ ಈ ಯಂತ್ರವು ಕಾಫಿ ತೋಟದ ನೆರಳು ಕಸಿಯುವುದಕ್ಕೂ, ಸಿಲ್ವರ್ ಓಕ್ ಮರಗಳನ್ನು ಕೊಯ್ಯುವುದಕ್ಕೂ ಈಗ ಅನಿವಾರ್ಯವಾಗಿದೆ. ಆದರೆ ಸಣ್ಣಪುಟ್ಟ ದೋಷಕ್ಕೂ ಪೇಟೆಗೆ ಒಯ್ದು ವಾರಗಟ್ಟಲೆ ಕಾಯುವುದು ರೂಢಿಯಾಗಿದೆ. ನೇಗಿಲನ್ನು ಕಟ್ಟಲು ತಿಳಿದ ಕೈಗೆ ಈ ಯಂತ್ರದ ಬಹುಪಾಲು ದುರಸ್ತು ಕಠಿಣವಲ್ಲ. ಯೋಗ್ಯವಾದ ಕೆಲವು ಉಪಕರಣಗಳೂ ಸ್ವಲ್ಪ ತಾಳ್ಮೆಯೂ ಇದ್ದರೆ ಸಾಕು.

ಮೊದಲು ಒಂದು ಎಚ್ಚರಿಕೆ. ಯಾವ ಕೆಲಸಕ್ಕೆ ಕೈಹಾಕುವುದಕ್ಕೂ ಮುಂಚೆ ಎಂಜಿನ್ನನ್ನು ನಿಲ್ಲಿಸಿ, ಪ್ಲಗ್ಗಿನ ತಂತಿಯನ್ನು ಬಿಡಿಸಿ, ದಪ್ಪನಾದ ಕೈಚೀಲಗಳನ್ನು ಹಾಕಿಕೊಳ್ಳತಕ್ಕದ್ದು. ಎಂಜಿನ್ನು ಬಿಸಿಯಾಗಿರುವಾಗ ಪೆಟ್ರೋಲ್ ತುಂಬಲಾಗದು.

1. ಅರಗಳು

ಎಲ್ಲಕ್ಕಿಂತ ಮೊದಲು ಕೊಳ್ಳತಕ್ಕ ಉಪಕರಣ ದುಂಡು ಅರ. ಹರಿತವಾದ ಸರಪಣಿಯು ಮರದಿಂದ ಚಕ್ಕೆಗಳನ್ನು ಎತ್ತಿ ಎಸೆಯುತ್ತದೆ. ಮೊಂಡಾದದ್ದು ಹಿಟ್ಟಿನಂತಹ ಹುಡಿಯನ್ನು ಮಾತ್ರ ಉದುರಿಸುತ್ತದೆ. ಹುಡಿ ಕಂಡೊಡನೆ ಕೆಲಸ ನಿಲ್ಲಿಸಿ ಅರ ಹಾಕತಕ್ಕದ್ದು. ಮೊಂಡು ಸರಪಣಿಯನ್ನು ಬಲವಾಗಿ ಒತ್ತಿ ಕೊಯ್ಯುವವನು ಬೇಗ ದಣಿಯುತ್ತಾನೆ, ಎಂಜಿನ್ನು ಕಾಯುತ್ತದೆ, ಅಪಘಾತಕ್ಕೂ ದಾರಿಯಾಗುತ್ತದೆ.

ಅರದ ದಪ್ಪವು ಸರಪಣಿಯ ಅಳತೆಗೆ ಹೊಂದಬೇಕು. ಇಂಚಿನ ಎಂಟರಲ್ಲಿ ಮೂರು ಪಾಲು ಅಳತೆಯ ತಗ್ಗು ಹಲ್ಲಿನ ಸಣ್ಣ ಸರಪಣಿಗೆ 4 ಮಿಲಿಮೀಟರಿನ ಅರವೂ, 0.325 ಇಂಚಿನ ಸರಪಣಿಗೆ 4.8 ಮಿಲಿಮೀಟರಿನದೂ, ದೊಡ್ಡ ಯಂತ್ರಗಳ 0.404 ಇಂಚಿನ ಸರಪಣಿಗೆ 5.5 ಮಿಲಿಮೀಟರಿನದೂ ಬೇಕು. ಎಂಟರಲ್ಲಿ ಮೂರು ಪಾಲಿನ ಪೂರ್ಣ ಹಲ್ಲಿನ ಸರಪಣಿಗೆ, ತಯಾರಿಸಿದವರನ್ನನುಸರಿಸಿ, 5.2 ಅಥವಾ 5.5 ಮಿಲಿಮೀಟರಿನ ಅರ ಹೊಂದುತ್ತದೆ. ಅರವನ್ನು ಬರಿಗೈಯಲ್ಲಿ ಹಿಡಿಯುವುದಕ್ಕಿಂತ, ಕೋನದ ಗೆರೆಗಳುಳ್ಳ ತಗಡಿನ ಹಿಡಿಗೆ ಸಿಕ್ಕಿಸಿ ಉಜ್ಜುವುದು ಮೇಲು. ಬಹುಪಾಲು ಸರಪಣಿಗಳಿಗೆ 30 ಡಿಗ್ರಿ ಕೋನವು ಸರಿಯಾದದ್ದು. ಅರದ ದಪ್ಪದಲ್ಲಿ ಸುಮಾರು ಐದರಲ್ಲೊಂದು ಪಾಲು ಹಲ್ಲಿನ ಮೇಲ್ಭಾಗಕ್ಕಿಂತ ಎತ್ತರವಾಗಿ ಕಾಣುತ್ತಿರಬೇಕು. ಹಲ್ಲಿನ ಒಳಗಡೆಯಿಂದ ಹೊರಗಡೆಗೆ ಮಾತ್ರ ಒತ್ತಿ ಉಜ್ಜತಕ್ಕದ್ದು. ಹಿಂದಕ್ಕೆ ತರುವಾಗ ಅರವನ್ನು ಎತ್ತಿಕೊಳ್ಳಬೇಕು. ಒಂದು ಹಲ್ಲಿಗೆ ಮೂರು ಸಲ ಉಜ್ಜಿದರೆ ಎಲ್ಲ ಹಲ್ಲುಗಳಿಗೂ ಮೂರು ಸಲವೇ. ಎಡಬಲದ ಹಲ್ಲುಗಳು ಸಮನಾಗಿಲ್ಲದಿದ್ದರೆ ಗರಗಸವು ನೇರವಾಗಿ ಇಳಿಯದೆ ಒಂದು ಕಡೆಗೆ ಓಡುತ್ತದೆ.

ಪ್ರತಿಯೊಂದು ಹಲ್ಲಿನ ಮುಂದೆಯೂ ಒಂದು ಸಣ್ಣ ಗೂಟವಿರುವುದನ್ನು ಅನೇಕರು ಗಮನಿಸುವುದಿಲ್ಲ. ಹಲ್ಲು ಮರದೊಳಕ್ಕೆ ಎಷ್ಟು ಆಳ ಕಚ್ಚಬೇಕೆಂಬುದನ್ನು ಈ ಗೂಟವೇ ತಡೆದು ನಿಲ್ಲಿಸುತ್ತದೆ. ಅಮೆರಿಕದ ಆರಿಗನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಸಾಗುವುದನ್ನು ಕಂಡು ಈಗಿನ ಬಗೆಯ ಹಲ್ಲನ್ನು ರೂಪಿಸಿದನು. 1947ರಲ್ಲಿ ಆತನ ಸರಪಣಿ ಮಾರಾಟಕ್ಕೆ ಬಂತು. ಹಲ್ಲು ಸವೆದು ತಗ್ಗಿದಂತೆ ಗೂಟವೂ ತಗ್ಗಬೇಕು. ಇಲ್ಲವಾದರೆ ಹಲ್ಲು ಹರಿತವಾಗಿದ್ದರೂ ಮರ ಕಚ್ಚುವುದಿಲ್ಲ. ಆದಕಾರಣ ಒಂದು ಚಪ್ಪಟೆ ಅರವನ್ನೂ, ಗೂಟದ ಎತ್ತರ ಅಳೆಯುವ ತಗಡನ್ನೂ ಇಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಗೂಟವು ಹಲ್ಲಿಗಿಂತ 0.65 ಮಿಲಿಮೀಟರಿನಷ್ಟು ತಗ್ಗಿರಬೇಕು. ಬೇಗ ಕೊಯ್ಯಲೆಂಬ ಆಸೆಯಿಂದ ಇದಕ್ಕಿಂತ ಹೆಚ್ಚು ತಗ್ಗಿಸಿದರೆ, ಗರಗಸವು ಎಗರಿ ಹಿಡಿದವನ ಮುಖದ ಕಡೆಗೇ ತಿರುಗುವ ಅಪಾಯ ಹೆಚ್ಚುತ್ತದೆ.

2. ಸ್ಪ್ಯಾನರ್, ತಿರುಪುಳಿ ಮತ್ತು ಬಾರಿನ ಸಾಧನಗಳು

ಯಂತ್ರದೊಡನೆ ಬರುವ ಟಿ ಆಕಾರದ ಸ್ಪ್ಯಾನರನ್ನು ಕಳೆಯಬಾರದು. ಬಹುಪಾಲು ಯಂತ್ರಗಳಲ್ಲಿ ಇದರ 19 ಮಿಲಿಮೀಟರಿನ ತುದಿ ಪ್ಲಗ್ಗಿಗೂ, 13 ಮಿಲಿಮೀಟರಿನ ತುದಿ ಬಾರಿನ ನಟ್ಟುಗಳಿಗೂ ಹೊಂದುತ್ತದೆ. ಬಾರು ಎಂದರೆ ಸರಪಣಿ ಓಡುವ ಉಕ್ಕಿನ ಪಟ್ಟಿ. ಮುಚ್ಚಳಗಳನ್ನು ಬಿಚ್ಚಲು, ಯಂತ್ರದಲ್ಲಿರುವ ತಿರುಪುಗಳನ್ನು ನೋಡಿಕೊಂಡು, ಟಿ 27 ಎಂಬ ನಕ್ಷತ್ರಾಕಾರದ ತುದಿಯ ತಿರುಪುಳಿಯನ್ನಾಗಲಿ ಆರುಮೂಲೆಯ ಅಲೆನ್ ಕೀಲಿಗಳನ್ನಾಗಲಿ ಕೊಳ್ಳತಕ್ಕದ್ದು.

ಸರಪಣಿಯ ಬಿಗಿತವನ್ನು ಸರಿಪಡಿಸುವಾಗ ಬಾರಿನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದಿರಬೇಕು. ಸರಪಣಿಯು ಕೆಳಗೆ ಜೋತು ಬೀಳದೆ, ಕೈಯಿಂದ ಎಳೆದರೆ ಸರಾಗವಾಗಿ ಓಡಬೇಕು. ಬಾರಿನ ಗಾಡಿಯಲ್ಲಿ ಸೇರಿದ ಹುಡಿಯನ್ನು ತೆಳುವಾದ ತಗಡಿನ ಕೊಕ್ಕೆಯಿಂದ ಕೆರೆದು ತೆಗೆಯಬೇಕು. ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ಚಪ್ಪಟೆ ಅರದಿಂದ ಉಜ್ಜಿ, ಬಾರನ್ನು ಆಗಾಗ ಮಗುಚಿ ಹಾಕಿದರೆ ಎರಡು ಅಂಚುಗಳೂ ಸಮನಾಗಿ ಸವೆಯುತ್ತವೆ. ಎಣ್ಣೆ ಬರುತ್ತಿದೆಯೇ ಎಂಬುದನ್ನು ತಿಳಿಯಲು, ಬಾರಿನ ಮೂತಿಯನ್ನು ಒಂದು ಬಿಳಿಯ ಕಾಗದಕ್ಕೆ ತಗಲದಂತೆ ಹಿಡಿದು ಎಂಜಿನ್ನನ್ನು ಓಡಿಸಿದರೆ ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕು. ವಾಹನಗಳಿಂದ ತೆಗೆದ ಹಳೆಯ ಕಪ್ಪೆಣ್ಣೆಯಲ್ಲಿ ಲೋಹದ ಪುಡಿಯಿರುತ್ತದೆ. ಅದು ಚರ್ಮಕ್ಕೂ ಕೆಡುಕು. ಆದಕಾರಣ ಅದನ್ನು ಸರಪಣಿಗೆ ಹಾಕಬಾರದು.

3. ಅಳತೆಯ ಪಾತ್ರೆ

ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಪಿಸ್ಟನ್ನನ್ನು ಕಾಯುತ್ತದೆ. 50ಕ್ಕೆ 1ರಂತೆ ಬೆರೆಸಬೇಕಾದ ಯಂತ್ರಕ್ಕೆ ಒಂದು ಲೀಟರಿಗೆ 20 ಮಿಲಿಲೀಟರ್ ಎಣ್ಣೆ ಬೇಕು. 40ಕ್ಕೆ 1 ಆದರೆ 25, 25ಕ್ಕೆ 1 ಆದರೆ 40 ಮಿಲಿಲೀಟರ್. ಇದನ್ನು ಕಣ್ಣಂದಾಜಿನಿಂದ ಸುರಿಯದೆ, ಗೆರೆಗಳುಳ್ಳ ಪಾತ್ರೆಯಿಂದ ಅಳೆಯತಕ್ಕದ್ದು. ನೆರೆಯವರಿಗೆ ಎರವಲು ಕೊಟ್ಟ ಯಂತ್ರದಲ್ಲಿ ಅವರು ಬರಿಯ ಪೆಟ್ರೋಲ್ ಹಾಕಿ ಓಡಿಸಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿ ಗೀರಿಹೋಗುತ್ತದೆ. ಯಂತ್ರ ಕೊಡುವಾಗ ಬೆರೆಸಿದ ಪೆಟ್ರೋಲನ್ನೂ ಜೊತೆಗೇ ಕೊಡುವುದು ವಿವೇಕ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರುವುದರಿಂದ, ಬೇಕಾದಷ್ಟನ್ನೇ ಬೆರೆಸಿ, ಯಂತ್ರವನ್ನು ಬಹುದಿನ ಇಡುವಾಗ ತೊಟ್ಟಿಯನ್ನು ಬರಿದು ಮಾಡತಕ್ಕದ್ದು. ತೊಟ್ಟಿಯೊಳಗಿನ ಶೋಧಕವನ್ನು ಹೊರಕ್ಕೆ ಎಳೆಯಲು ತುದಿ ಬಾಗಿಸಿದ ಒಂದು ತಂತಿ ಸಾಕು.

4. ಪ್ಲಗ್ಗಿನ ಪರೀಕ್ಷೆಗೆ ಬೇಕಾದವು

ಹಿತ್ತಾಳೆ ತಂತಿಯ ಒಂದು ಬ್ರಷ್ಷು, ಸಂದು ಅಳೆಯುವ ತಗಡುಗಳ ಒಂದು ಕಟ್ಟು ಇರಲಿ. ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.5 ಮಿಲಿಮೀಟರು. ತುದಿಯು ತಿಳಿಕಂದು ಬಣ್ಣವಾಗಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಕಪ್ಪಾಗಿ ಎಣ್ಣೆಯಾಗಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಗಾಳಿಯ ಶೋಧಕ ಕಟ್ಟಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ನು ಕಾಯುತ್ತಿದೆ. ಪ್ಲಗ್ಗು ಒದ್ದೆಯಾಗಿದ್ದರೆ ಅದನ್ನು ತೆಗೆದು ಒರಸಿ, ಹಗ್ಗವನ್ನು ಕೆಲವು ಸಲ ಎಳೆದು ಹೆಚ್ಚಿನ ಪೆಟ್ರೋಲನ್ನು ಹೊರಹಾಕಿ, ಮತ್ತೆ ಜೋಡಿಸತಕ್ಕದ್ದು.

5. ಕಾರ್ಬ್ಯುರೇಟರಿನ ತಿರುಪುಳಿ ಮತ್ತು ಸುತ್ತುಮಾಪಕ

ಶ್ರುತಿ ಮಾಡುವುದಕ್ಕೆ ಮುಂಚೆ ಗಾಳಿಯ ಶೋಧಕವನ್ನು ಶುಚಿಮಾಡಿ, ಸರಪಣಿಯನ್ನು ಹರಿತಗೊಳಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿಮಾಡಬೇಕು. ಶೋಧಕ ಕಟ್ಟಿರುವಾಗ ತಿರುಪು ತಿರುಗಿಸುವುದು, ವೀಣೆಯ ತಂತಿ ಹರಿದಿರುವಾಗ ಬಿರಡೆ ತಿರುಗಿಸಿದಂತೆಯೇ ಸರಿ. ಕಾರ್ಬ್ಯುರೇಟರಿನಲ್ಲಿ ಸಾಮಾನ್ಯವಾಗಿ ಮೂರು ತಿರುಪುಗಳಿರುತ್ತವೆ. ಎಲ್ ಎಂಬುದು ನಿಧಾನದ ಓಟಕ್ಕೆ, ಎಚ್ ಎಂಬುದು ಪೂರ್ಣ ವೇಗಕ್ಕೆ, ಎಲ್‌ಎ ಅಥವಾ ಟಿ ಎಂಬುದು ಎಂಜಿನ್ನು ಬರಿದೆ ನಿಂತು ಓಡುವ ವೇಗಕ್ಕೆ ಸಂಬಂಧಿಸಿದವು. ಕೆಲವು ಯಂತ್ರಗಳ ತಿರುಪುಗಳಿಗೆ ಸಾಧಾರಣ ತಿರುಪುಳಿ ಹೊಂದದೆ ವಿಶೇಷ ತುದಿಯದು ಬೇಕಾಗುತ್ತದೆ. ಯಂತ್ರದ ಕೈಪಿಡಿಯನ್ನು ನೋಡಿಕೊಂಡು ಅದನ್ನು ಕೊಳ್ಳಬೇಕು.

ಎಲ್ ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ ಎಂಜಿನ್ನು ಅತಿ ವೇಗವಾಗಿ ಓಡುವ ಸ್ಥಾನವನ್ನು ಕಂಡುಕೊಂಡು, ಅಲ್ಲಿಂದ ಸ್ವಲ್ಪ ಎಡಕ್ಕೆ, ಎಂದರೆ ಪೆಟ್ರೋಲ್ ಹೆಚ್ಚುವ ಕಡೆಗೆ, ಬಿಡತಕ್ಕದ್ದು. ಅನಂತರ ಮೂರನೆಯ ತಿರುಪಿನಿಂದ ವೇಗವನ್ನು ಇಳಿಸಿ, ಸರಪಣಿಯು ಪೂರ್ಣವಾಗಿ ನಿಲ್ಲುವಂತೆ ಮಾಡಬೇಕು. ಎಂಜಿನ್ನು ಬರಿದೆ ಓಡುವಾಗಲೂ ಸರಪಣಿ ತಿರುಗುತ್ತಿದ್ದರೆ ಆ ಯಂತ್ರವನ್ನು ಯಾರ ಕೈಗೂ ಕೊಡಬಾರದು. ಎಚ್ ತಿರುಪಿನ ವಿಷಯದಲ್ಲಿ ಬಹಳ ಜಾಗರೂಕತೆ ಬೇಕು. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮೊನಚಾಗಿ ಬಲ ಹೆಚ್ಚಿದಂತೆ ತೋರುತ್ತದೆ. ಆದರೆ ಪೆಟ್ರೋಲ್ ಕಡಿಮೆಯಾದಂತೆ ಅದರೊಡನೆ ಬರುವ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ನು ಸುಟ್ಟುಹೋಗುತ್ತದೆ. ಪ್ಲಗ್ಗಿನ ತಂತಿಯ ಬಳಿ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತೆಂದು ತೋರಿಸುವ ಸುತ್ತುಮಾಪಕವೊಂದಿದ್ದರೆ, ಕೈಪಿಡಿಯಲ್ಲಿ ಹೇಳಿರುವ ಮಿತಿಯನ್ನು ಮೀರದಂತೆ ನೋಡಿಕೊಳ್ಳಬಹುದು. ಅದಿಲ್ಲದವರು ಎಚ್ ತಿರುಪನ್ನು ಮುಟ್ಟದಿರುವುದೇ ಲೇಸು.

6. ಪಿಸ್ಟನ್ ತಡೆ

ಕ್ಲಚ್ಚನ್ನು ಬಿಚ್ಚಬೇಕಾದಾಗ ಎಂಜಿನ್ನು ತಿರುಗದಂತೆ ತಡೆಯಬೇಕು. ಇದಕ್ಕಾಗಿ ಪ್ಲಗ್ಗಿನ ರಂಧ್ರಕ್ಕೆ ಹಾಕುವ ಪ್ಲಾಸ್ಟಿಕ್ ತಡೆ ದೊರೆಯುತ್ತದೆ. ಒಂದು ತುಂಡು ನೈಲಾನ್ ಹಗ್ಗವೂ ಸಾಕು. ಆದರೆ ಪಿಸ್ಟನ್ನು ಮೇಲಕ್ಕೆ ಬಂದು ಪಕ್ಕದ ದ್ವಾರ ಮುಚ್ಚಿದ ಮೇಲೆಯೇ ಹಗ್ಗವನ್ನು ತುರುಕಬೇಕು. ಉಕ್ಕಿನ ಕಡ್ಡಿಯನ್ನು ಎಂದೂ ಹಾಕಬಾರದು. ಬಹುಪಾಲು ಯಂತ್ರಗಳ ಕ್ಲಚ್ಚಿಗೆ ಎಡಮರೆಯಿರುವುದರಿಂದ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನರಿಯದೆ ಮರೆಯನ್ನು ಕೆಡಿಸಿದವರುಂಟು.

ಎಂಜಿನ್ನಿನ ಒಳಗಿನ ಸೀಲುಗಳನ್ನು ಪರೀಕ್ಷಿಸುವ ಗಾಳಿಯ ಪಂಪು ಮುಂತಾದ ಸಾಧನಗಳನ್ನು ಪ್ರತಿಯೊಬ್ಬರೂ ಕೊಳ್ಳಬೇಕಾದ್ದಿಲ್ಲ. ಹತ್ತಾರು ಹಿಡುವಳಿದಾರರು ಕೂಡಿ, ಇಲ್ಲವೆ ಊರಿನ ಸಹಕಾರ ಸಂಘದ ಮೂಲಕ, ಒಂದು ಜೊತೆಯನ್ನು ತರಿಸಿಕೊಂಡರೆ ಎಲ್ಲರಿಗೂ ಒದಗುತ್ತದೆ. ಅದನ್ನು ಬಳಸಬಲ್ಲ ಒಬ್ಬ ತರುಣನನ್ನು ತರಬೇತು ಮಾಡಿಸುವುದು ಗ್ರಾಮಮುಖ್ಯರ ಕೆಲಸ.

ಮಹನೀಯರೇ, ದುರಸ್ತಾದ ಯಂತ್ರ ಕೈಯಲ್ಲಿದೆಯೆಂದು ಕಂಡ ಮರವನ್ನೆಲ್ಲ ಕೆಡಹುವುದು ಧರ್ಮವಲ್ಲ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆಯ ಮೇರೆಗೆ ಅನುಮತಿ ಬೇಕಾದ ಕಡೆ ಅದನ್ನು ಪಡೆದೇ ಕೊಯ್ಯತಕ್ಕದ್ದು. ವಿದ್ಯುತ್ ತಂತಿಗೆ ತಗಲಿದ ಮರವನ್ನು, ಪ್ರವಾಹ ನಿಲ್ಲಿಸಿದೆಯೆಂದು ಖಚಿತವಾಗುವವರೆಗೆ ಮುಟ್ಟಬಾರದು. ಮುಂಗಾರಿಗೆ ಮುಂಚೆ ಒಂದು ಮಧ್ಯಾಹ್ನವನ್ನು ಈ ಕೆಲಸಕ್ಕೆ ಮುಡಿಪಾಗಿಟ್ಟು, ಅರ, ಸ್ಪ್ಯಾನರ್, ತಿರುಪುಳಿ, ಅಳತೆಯ ಪಾತ್ರೆ, ಒಂದು ಹೊಸ ಪ್ಲಗ್ಗು, ಇವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಯಂತ್ರದ ಪಕ್ಕದಲ್ಲಿಯೇ ಇಟ್ಟರೆ, ಗಾಳಿಮಳೆಯ ರಾತ್ರಿಯಲ್ಲಿ ಕರೆ ಬಂದಾಗ ಮನೆಯಾತನು ಹುಡುಕಾಡದೆ ಹೊರಡಬಹುದು. ರಸ್ತೆಯ ಆಚೆ ಕಾಯುತ್ತಿರುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.