ವಿಧಾನಸಭೆಯೂ ನಮ್ಮ ಹೆಸರೂ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನನಗೆ ಒಪ್ಪಿಸಿದ ವಿಷಯ ರಾಜ್ಯದ ವಿಧಾನಸಭೆ. ನಾನು ಕಾಯಿದೆ ಓದಿದ ವಕೀಲನಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯ ಕಚೇರಿ ಸೇರಿದ ಕಾರಕೂನ. ಹಾಜರಿ ಪಟ್ಟಿ ಬರೆಯುವುದು ನನ್ನ ಕೆಲಸ. ಎಷ್ಟು ಬೆವರು ಸುರಿಸಿದರೂ ಆ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪಗಾರವಿಲ್ಲ ಎಂಬುದು ತಮಗೆಲ್ಲ ಗೊತ್ತಿದ್ದ ಸಂಗತಿ. ರಾಜ್ಯದ ಆಡಳಿತದಲ್ಲಿಯೂ ಅಂಥದೊಂದು ಪಟ್ಟಿ ಉಂಟು. ಅದೇ ಮತದಾರರ ಪಟ್ಟಿ. ವಿಧಾನಸಭೆಯ ಬೇರು ಇರುವುದು ಆ ಪಟ್ಟಿಯಲ್ಲಿ.

ಮೊದಲು ಸ್ವಲ್ಪ ಹಿಂದಿನ ಮಾತು. 1937ರಲ್ಲಿ ಮುಂಬಯಿ ಪ್ರಾಂತದ ವಿಧಾನಸಭೆಗೆ ಚುನಾವಣೆ ನಡೆದಾಗ ಮತದ ಹಕ್ಕಿಗೆ ಆಸ್ತಿ, ತೆರಿಗೆ, ವಿದ್ಯೆ ಮುಂತಾದ ಅರ್ಹತೆಗಳು ಬೇಕಾಗಿದ್ದವು. ವಯಸ್ಕರಲ್ಲಿ ಬಹುಪಾಲು ಜನ ಹೊರಗೇ ಉಳಿದರು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ, ಮಾಲೀಕನಿಗೂ ಹಮಾಲನಿಗೂ, ಒಂದೊಂದೇ ಮತ ಬಂತು. 1989ರಿಂದ ಆ ವಯಸ್ಸು 18ಕ್ಕೆ ಇಳಿಯಿತು.

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೇ ಸೇರಿದ್ದವು. ಅಲ್ಲಿಂದ ಆರಿಸಿ ಬಂದವರು ಇದೇ ಊರಿನಲ್ಲಿ ಕುಳಿತು ಸಭೆ ನಡೆಸುತ್ತಿದ್ದರು. ಬಿ. ಡಿ. ಜತ್ತಿಯವರು ಅಂಥವರಲ್ಲಿ ಒಬ್ಬರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಜತ್ತಿಯವರು 1958ರಲ್ಲಿ ಅಲ್ಲಿನ ಮುಖ್ಯಮಂತ್ರಿಗಳಾದರು. ಜಿಲ್ಲೆಗಳು ಹೋದವು, ಆದರೆ ದುಡಿಮೆಗೆಂದು ಬಂದ ನಾವು ಇಲ್ಲಿಯೇ ಉಳಿದೆವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಆದುದರಿಂದ ಇಲ್ಲಿ ಸಂಸಾರ ಹೂಡಿದ ಕನ್ನಡಿಗನನ್ನು ಆಳುವ ಸಭೆ ಮಹಾರಾಷ್ಟ್ರದ ವಿಧಾನಸಭೆ.

ಈ ಸಭೆಯಲ್ಲಿ 288 ಸ್ಥಾನಗಳಿವೆ. ರಾಜ್ಯವನ್ನು ಅಷ್ಟೇ ಕ್ಷೇತ್ರಗಳಾಗಿ ಹಂಚಿದ್ದಾರೆ. ಮುಂಬಯಿ ನಗರ ಮತ್ತು ಉಪನಗರಗಳ ಪಾಲಿಗೆ 36. ಪರಿಶಿಷ್ಟ ಜಾತಿಗಳಿಗೆ 29, ಪರಿಶಿಷ್ಟ ಪಂಗಡಗಳಿಗೆ 25 ಸ್ಥಾನ ಮೀಸಲು. ಮೀಸಲೆಂದರೆ ಅಲ್ಲಿ ನಿಲ್ಲುವ ಉಮೇದುವಾರನಿಗೆ ಮಾತ್ರ. ಮತ ಹಾಕುವವರು ಆ ಕ್ಷೇತ್ರದ ಎಲ್ಲ ಮತದಾರರೂ ಹೌದು. ಉಮೇದುವಾರನಿಗೆ 25 ವರ್ಷ ತುಂಬಿರಬೇಕು. ಸಭೆಯ ಅವಧಿ 5 ವರ್ಷ. ಅದಕ್ಕೂ ಮೊದಲೇ ವಿಸರ್ಜನೆಯಾಗಲೂಬಹುದು.

ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಉಳಿದ ಪ್ರತಿಯೊಬ್ಬನಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಇದು ಬರಿಯ ಬಾಯಿಮಾತಲ್ಲ. 2004ರಲ್ಲಿ ಕರ್ನಾಟಕದ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತ ಬಂದವು. ಒಂದೇ ಮತದ ಅಂತರ! ‘ನನ್ನೊಬ್ಬನ ಮತದಿಂದ ಏನಾದೀತು’ ಎನ್ನುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಮಹಾರಾಷ್ಟ್ರಕ್ಕೆ ಕರ್ನಾಟಕದಂತೆಯೇ ವಿಧಾನ ಪರಿಷತ್ತೂ ಉಂಟು. ಅದರಲ್ಲಿ 78 ಸ್ಥಾನಗಳು. 30 ಮಂದಿಯನ್ನು ವಿಧಾನಸಭೆಯ ಸದಸ್ಯರು, 22 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸಬೇಕು; 12 ಮಂದಿಯನ್ನು ರಾಜ್ಯಪಾಲರು ನೇಮಿಸಬೇಕು. ಪರಿಷತ್ತು ಸಲಹೆ ಕೊಡಬಲ್ಲದು, ಮಸೂದೆಯನ್ನು ಕೆಲ ಕಾಲ ತಡೆಯಬಲ್ಲದು. ಹಣದ ಮಸೂದೆಯನ್ನಾದರೋ 14 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಾರದು. ಕೊನೆಯ ಮಾತು ಜನ ನೇರವಾಗಿ ಆರಿಸಿದ ಸಭೆಯದೇ.

ಇನ್ನು ನಾಯಕತ್ವದ ಮಾತು. ಸಭೆಯನ್ನು ನಡೆಸುವವರು ಸಭಾಧ್ಯಕ್ಷರು. ಸದಸ್ಯರೇ ತಮ್ಮೊಳಗಿನ ಒಬ್ಬರನ್ನು ಆ ಪೀಠಕ್ಕೆ ಆರಿಸುತ್ತಾರೆ. ಮತಗಳು ಸಮಸಮವಾದಾಗ ಮಾತ್ರ ಸಭಾಧ್ಯಕ್ಷರು ತಮ್ಮ ಮತ ಹಾಕುತ್ತಾರೆ. ಸರಕಾರವನ್ನು ನಡೆಸುವವರು ಮುಖ್ಯಮಂತ್ರಿಗಳು. ಅವರನ್ನು ನಾವು ನೇರವಾಗಿ ಆರಿಸುವುದಿಲ್ಲ, ರಾಜ್ಯಪಾಲರು ನೇಮಿಸುತ್ತಾರೆ. ಆದರೆ ಸಭೆಯ ಬಹುಮತದ ವಿಶ್ವಾಸ ಇರುವವರೆಗೆ ಮಾತ್ರ ಅವರ ಅಧಿಕಾರ. 288 ಸ್ಥಾನಗಳ ಸಭೆಯಲ್ಲಿ ಬಹುಮತವೆಂದರೆ 145. ಮಂತ್ರಿಗಳ ಸಂಖ್ಯೆಗೂ 2003ರ ತಿದ್ದುಪಡಿಯಿಂದ ಮಿತಿ ಬಂದಿದೆ: ಸಭೆಯ ಶೇಕಡಾ 15ನ್ನು ಮೀರಬಾರದು. ಮುಖ್ಯಮಂತ್ರಿಯೂ ಸೇರಿ ಇಲ್ಲಿ 43ಕ್ಕಿಂತ ಹೆಚ್ಚು ಮಂತ್ರಿಗಳು ಇರುವಂತಿಲ್ಲ.

ಬಹುಮತ ಉಂಟೋ ಇಲ್ಲವೋ ಎಂಬುದನ್ನು ಎಲ್ಲಿ ಎಣಿಸಬೇಕು? ಈ ಪ್ರಶ್ನೆಗೆ ಉತ್ತರ ಬಂದದ್ದು ಒಬ್ಬ ಕನ್ನಡಿಗರ ಮೊಕದ್ದಮೆಯಿಂದ. 1989ರಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು, ಸಭೆಯಲ್ಲಿ ಬಲಾಬಲ ಪರೀಕ್ಷೆಗೆ ಅವಕಾಶ ಕೊಡದೆ, ವಜಾ ಮಾಡಲಾಯಿತು. 1994ರಲ್ಲಿ ಸುಪ್ರೀಂ ಕೋರ್ಟು, ಬಹುಮತದ ಪರೀಕ್ಷೆ ಸಭೆಯೊಳಗೇ ಆಗಬೇಕು ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಬಲ ಮುಂಬಯಿಯಲ್ಲಿಯೂ ಕಂಡಿತು. 2019ರ ನವೆಂಬರ್ 23ರಂದು ದೇವೇಂದ್ರ ಫಡಣವೀಸರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 26ರಂದು ಕೋರ್ಟು, ಮರುದಿನವೇ ಸಭೆಯಲ್ಲಿ ಬಹುಮತ ತೋರಿಸಬೇಕೆಂದು ಆಜ್ಞೆ ಮಾಡಿತು. ಅಂದೇ ಅವರು ರಾಜೀನಾಮೆ ಕೊಟ್ಟರು. ಯಾವ ಪಕ್ಷ ಸರಿ, ಯಾವುದು ತಪ್ಪು ಎಂಬ ಚರ್ಚೆ ಈ ವೇದಿಕೆಯದಲ್ಲ. ಎಷ್ಟು ದೊಡ್ಡ ನಾಯಕನೇ ಆಗಲಿ ತಲೆಯೆಣಿಕೆಗೆ ಒಳಪಟ್ಟವನೇ ಎಂಬುದಷ್ಟೇ ನನ್ನ ಮಾತು. ಆ ತಲೆಗಳನ್ನು ಅಲ್ಲಿಗೆ ಕಳುಹಿಸುವವರು ಪಟ್ಟಿಯಲ್ಲಿ ಹೆಸರಿದ್ದವರು.

ಇದರಿಂದ ನಮಗೇನು ಎಂದು ತಾವು ಕೇಳಬಹುದು. ಚಾಳಿನ ಖೋಲಿಯ ಬಾಡಿಗೆಗೆ ಸಂಬಂಧಿಸಿದ 1999ರ ಬಾಡಿಗೆ ನಿಯಂತ್ರಣ ಕಾಯಿದೆ ಈ ರಾಜ್ಯದ ಶಾಸಕಾಂಗದ್ದೇ. ಯಾವುದೇ ಮಾಧ್ಯಮದ ಶಾಲೆಯಿರಲಿ, ಮಕ್ಕಳು ಮರಾಠಿ ಕಲಿಯಬೇಕೆಂಬ 2020ರ ಕಾಯಿದೆಯೂ ಇಲ್ಲಿಯದೇ. ಪೊಲೀಸು, ಆಸ್ಪತ್ರೆ, ಜಮೀನು, ಪಾಲಿಕೆಯ ಅಧಿಕಾರ ಇವೆಲ್ಲ ರಾಜ್ಯದ ಕೈಯಲ್ಲಿವೆ. ಚಾಳಿನ ದುರಸ್ತಿಯ ಅರ್ಜಿ ಹಿಡಿದು ಹೋದಾಗ ಶಾಸಕನ ಕಾರ್ಯಕರ್ತ ಮೊದಲು ಕೇಳುವುದು, ‘ಹೆಸರು ಯಾವ ಯಾದಿಯಲ್ಲಿದೆ?’ ಎಂದು. ‘ಊರಲ್ಲಿದೆ’ ಎಂದರೆ ಮಾತು ಅಲ್ಲಿಗೇ ಸಡಿಲವಾಗುತ್ತದೆ.

ನಮ್ಮಲ್ಲಿ ಅನೇಕರ ಹೆಸರು ಇನ್ನೂ ಊರಿನ ಪಟ್ಟಿಯಲ್ಲಿದೆ. ಊರಿನ ಮೇಲಿನ ಮಮತೆ ತಪ್ಪಲ್ಲ. ತಂದೆತಾಯಿ ಅಲ್ಲಿದ್ದಾರೆ, ಹೊಲಮನೆ ಅಲ್ಲಿದೆ. ಆದರೆ 1950ರ ಪ್ರಜಾಪ್ರತಿನಿಧಿ ಕಾಯಿದೆ ಸ್ಪಷ್ಟವಾಗಿದೆ. ಒಬ್ಬನ ಹೆಸರು ಒಂದೇ ಕ್ಷೇತ್ರದಲ್ಲಿ ಇರಬೇಕು, ಅದೂ ಅವನು ಸಾಮಾನ್ಯವಾಗಿ ವಾಸಿಸುವ ಕಡೆ. ಊರಲ್ಲಿ ಮನೆಯಿದೆ ಎಂಬ ಒಂದೇ ಕಾರಣದಿಂದ ಅಲ್ಲಿಯ ವಾಸಿಯೆಂದು ಎಣಿಸುವುದಿಲ್ಲ. ಹಾಗೆಯೇ ನಾಲ್ಕು ತಿಂಗಳ ಕೆಲಸಕ್ಕೆಂದು ಬಂದವನು ಊರಿನ ಹಕ್ಕನ್ನು ಕಳೆದುಕೊಳ್ಳುವುದೂ ಇಲ್ಲ. ಆದರೆ ಹೆಂಡತಿ ಮಕ್ಕಳೊಡನೆ ಹತ್ತು ವರ್ಷದಿಂದ ಇಲ್ಲಿ ಇರುವವನ ಹೆಸರು ಇಲ್ಲಿಯೇ ಇರತಕ್ಕದ್ದು. ಊರಿನ ಹೆಸರಿನ ಸಂಗತಿ ಮುಚ್ಚಿಟ್ಟು ಸುಳ್ಳು ಬರೆದುಕೊಟ್ಟು ಎರಡೂ ಕಡೆ ಸೇರಿಸಿಕೊಂಡರೆ ಅದು ಶಿಕ್ಷೆಗೆ ಗುರಿಯಾಗುವ ಅಪರಾಧ.

ಕ್ರಮ ಕಠಿಣವಲ್ಲ. ಮೊದಲ ಸಲ ಹೆಸರು ಸೇರಿಸುವವರಿಗೆ ನಮೂನೆ 6. ಊರಿನ ಪಟ್ಟಿಯಿಂದ ಇಲ್ಲಿಗೆ ವರ್ಗ ಮಾಡಿಸುವವರಿಗೆ ನಮೂನೆ 8. ಸ್ವಂತ ಮನೆ ಇರಬೇಕೆಂಬ ನಿಯಮವಿಲ್ಲ. ವಿಳಾಸಕ್ಕೆ ಬ್ಯಾಂಕಿನ ಅಥವಾ ಅಂಚೆಯ ಪಾಸ್‌ಬುಕ್ಕೂ ನಡೆಯುತ್ತದೆ. ಸಂದೇಹವಿದ್ದರೆ 1950 ಎಂಬ ಸಂಖ್ಯೆಗೆ ಫೋನು ಮಾಡಿ ಕೇಳಬಹುದು. ಉಮೇದುವಾರಿಕೆ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರದು. ಆದುದರಿಂದ ಚುನಾವಣೆಯ ಡಂಗುರ ಕೇಳಿದ ಮೇಲೆ ಓಡಾಡಿ ಫಲವಿಲ್ಲ. ಮತದಾನದ ದಿನ ಮತದಾರ ಕೆಲಸಗಾರನಿಗೆ ಪಗಾರ ಸಹಿತ ರಜೆ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ.

ಬಂಧುಗಳೇ, ಇಲ್ಲಿ ಮತ ಹಾಕಿದ ಮಾತ್ರಕ್ಕೆ ನಮ್ಮ ಕನ್ನಡ ಹೋಗುವುದಿಲ್ಲ; ನೆರೆಯ ಮರಾಠಿ ಬಂಧುವಿನೊಡನೆ ಒಂದೇ ಸಾಲಿನಲ್ಲಿ ನಿಲ್ಲುವ ಅಧಿಕಾರ ಬರುತ್ತದೆ. ಪತ್ರಿಕೆ ಓದಲು ಬರುವ ಪ್ರತಿಯೊಬ್ಬರೂ ಈ ತಿಂಗಳು ಒಮ್ಮೆ ತಮ್ಮ ಹೆಸರನ್ನೂ ಮನೆಯವರ ಹೆಸರನ್ನೂ ಹುಡುಕಿ ನೋಡಬೇಕೆಂದು ಕೋರುತ್ತೇನೆ. ನಮೂನೆ ತುಂಬಲು ಬಾರದವರಿಗೆ ಭಾನುವಾರ ಬೆಳಿಗ್ಗೆ ನಾನು ಇದೇ ಮೇಜಿನ ಬಳಿ ಕುಳಿತು ಬರೆದು ಕೊಡುತ್ತೇನೆ.